ಮಂತ್ರಿ ಬೇಡ, ಕುದುರೆ ಕೊಡಿ

ನಾನು ಚಿಕ್ಕವನಿದ್ದಾಗ ಬಹಳ ಬುದ್ಧಿವಂತನಾಗಿದ್ದೆನಂತೆ. ಹೀಗೆ ಹೇಳಿದವನು ನಾನಲ್ಲ, ಬಸವನಗುಡಿಯ ಕೆಲವು ದೊಡ್ಡ ಮನುಷ್ಯರು. ಬುದ್ಧಿ ಎಂದರೇನೆಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲವಾದ್ದರಿಂದ ಆ ಮಾತನ್ನು ನೀವು ನಂಬಬೇಕಾಗಿಲ್ಲ. ಒಂಬತ್ತು ವರ್ಷದ ಹುಡುಗ ಚದುರಂಗದಲ್ಲಿ ದೊಡ್ಡವರನ್ನು ಸೋಲಿಸಿದರೆ ಅವನನ್ನು 'ಬಾಲಪ್ರತಿಭೆ' ಎಂದು ಕರೆದು ಕೆನ್ನೆ ಹಿಂಡುತ್ತಿದ್ದರು. ಹಿಂಡುವವರಲ್ಲಿ ಹೆಚ್ಚಿನವರು ನನ್ನೆದುರು ಸೋತವರೇ. ಆಟದಲ್ಲಿ ಆಗದ್ದನ್ನು ಬೆರಳಿನಲ್ಲಿ ತೀರಿಸಿಕೊಳ್ಳುತ್ತಿದ್ದರು. ಆಟ ಮುಗಿಸಿ ಬಂದ ಭಾನುವಾರ ರಾತ್ರಿ ಊಟ ಮಾಡುವಾಗ ನನ್ನ ಕೆನ್ನೆ ಉರಿಯುತ್ತಿತ್ತು.

ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. ಅಪ್ಪನ ಬೇಳೆಕಾಳಿನ ಮಂಡಿ ತರಗುಪೇಟೆಯಲ್ಲಿತ್ತು. ಸ್ವಾತಂತ್ರ್ಯ ಬಂದ ಹೊಸತು. ಆ ಬೀದಿಯಲ್ಲಿ ಎತ್ತಿನ ಗಾಡಿಗಳು ಒಂದರ ಹಿಂದೊಂದು ನಿಂತು ದಾರಿಯೇ ಇರುತ್ತಿರಲಿಲ್ಲ. ಗೋಣಿಚೀಲದ ವಾಸನೆ, ತೊಗರಿಯ ಧೂಳು, ಪಕ್ಕದ ಮಂಡಿಯ ಒಣಮೆಣಸಿನಕಾಯಿಯ ಘಾಟು. ಸೀನದೆ ಅಲ್ಲಿಂದ ಆಚೆ ಬಂದವರನ್ನು ನಾನು ಕಂಡಿಲ್ಲ. ಅಪ್ಪ ಹಣೆಯ ತುಂಬ ವಿಭೂತಿ ಎಳೆದುಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗಾದಿಯ ಮೇಲೆ ಕೂರುತ್ತಿದ್ದರು. ಆ ಟವೆಲ್ ಮುಖ ಒರೆಸಿಕೊಳ್ಳುವುದಕ್ಕಲ್ಲ. ಸಗಟು ವ್ಯಾಪಾರದಲ್ಲಿ ಬೆಲೆಯನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವರೂ ಮಾರುವವರೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ತಿಳಿಸುತ್ತಿದ್ದರು. ಪಕ್ಕದ ಅಂಗಡಿಯವರಿಗೆ ಗೊತ್ತಾಗಬಾರದಲ್ಲ, ಅದಕ್ಕೆ. ಅಪ್ಪ ಇನ್ನೊಬ್ಬರ ಕೈ ಹಿಡಿಯುವುದನ್ನು ನಾನು ನೋಡಿದ್ದು ಹಾಗೆ ಮಾತ್ರ, ಬಟ್ಟೆಯ ಕೆಳಗೆ.

ಮಧ್ಯಾಹ್ನ ವ್ಯಾಪಾರ ಇಳಿದಾಗ ಮಂಡಿಯ ಜಗಲಿಯಲ್ಲಿ ಚದುರಂಗ ನಡೆಯುತ್ತಿತ್ತು. ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ ಮನೆಗಳು. ಕಾಯಿಗಳಲ್ಲಿ ಅರ್ಧ ಕಳೆದುಹೋಗಿದ್ದವು. ಒಂದು ಆನೆಯ ಬದಲು ಅಡಿಕೆ, ಒಂಟೆಯ ಬದಲು ಹುಣಸೆಬೀಜ. ಆಡುವವರು ಕಡಲೆಕಾಯಿ ತಿನ್ನುತ್ತ, ಪಕ್ಕದಲ್ಲಿ ನಿಂತವರು ಕೇಳದಿದ್ದರೂ ಬುದ್ಧಿ ಹೇಳುತ್ತ ಆಡುತ್ತಿದ್ದರು. ಸಾಲದ್ದಕ್ಕೆ ಎದುರಿನವನು ಆ ಕಡೆ ತಿರುಗಿದಾಗ ಕಾಲಾಳನ್ನು ಒಂದು ಮನೆ ಮುಂದೆ ತಳ್ಳುವುದೂ ಇತ್ತು. ಎಂಟು ವರ್ಷಕ್ಕೇ ನಾನು ಅವರೆಲ್ಲರನ್ನೂ ಸೋಲಿಸಿದ್ದೆ. ಅದನ್ನು ಸಾಧನೆ ಎನ್ನಲು ನನಗೆ ಇವತ್ತಿಗೂ ನಾಚಿಕೆ.

ಆಟ ಕಲಿಸಿದವಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಅಂಗಡಿಯ ಆಟದ ಜೊತೆಗೆ ಅವಳಿಗೆ ಇಂಗ್ಲಿಷಿನವರ ಆಟವೂ ಬರುತ್ತಿತ್ತು, ಅವಳ ಶಾಲೆಯ ಹೆಡ್‌ಮಿಸ್ ಕಲಿಸಿದ್ದರು. ಎರಡರ ನಡುವೆ ವ್ಯತ್ಯಾಸವಿದೆ, ಗಮನವಿಟ್ಟು ಕೇಳಿ. ಕಾಲಾಳು ಹೋಗಿ ಹೋಗಿ ಎದುರಿನವರ ಕೊನೆಯ ಸಾಲು ಮುಟ್ಟಿದರೆ ಅದಕ್ಕೆ ಬಡ್ತಿ ಸಿಗುತ್ತದೆ. ಅಂಗಡಿಯ ಆಟದಲ್ಲಿ ಅದು ಯಾರ ಮನೆ ಹೊಕ್ಕಿತೋ ಅದೇ ಆಗಬೇಕಿತ್ತು. ಆನೆಯ ಮನೆ ಹೊಕ್ಕರೆ ಆನೆ, ಕುದುರೆಯ ಮನೆ ಹೊಕ್ಕರೆ ಕುದುರೆ. ಇಂಗ್ಲಿಷಿನವರ ಆಟದಲ್ಲಿ ನಮಗೆ ಬೇಕಾದ್ದನ್ನು ಕೇಳಿ ಪಡೆಯಬಹುದು. ಮಂತ್ರಿಯ ಬಲ ಎಲ್ಲಕ್ಕಿಂತ ಹೆಚ್ಚಾದ್ದರಿಂದ ಎಲ್ಲರೂ ಕಣ್ಣು ಮುಚ್ಚಿಕೊಂಡು ಮಂತ್ರಿಯನ್ನೇ ಕೇಳುತ್ತಿದ್ದರು. ಅಕ್ಕ ದಿನಾ ಬೆಳಿಗ್ಗೆ ನನ್ನನ್ನು ಎರಡೂ ಬಗೆಯಲ್ಲಿ ಆಡಿಸುತ್ತಿದ್ದಳು. ಒಂದರ ನಿಯಮ ಇನ್ನೊಂದರಲ್ಲಿ ಬೆರೆಸಿದರೆ ಬೆರಳ ಗೆಣ್ಣಿಗೆ ಬೀಳುತ್ತಿತ್ತು. "ಕಣ್ಣಿರೋದು ಯಾಕೆ, ಕಾಡಿಗೆ ಹಚ್ಕೊಳಕ್ಕಾ?" ಎನ್ನುವಳು. ಹೊಗಳಿದ್ದು ನೆನಪಿಲ್ಲ.

ಮುಂದಿನ ವರ್ಷ ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಹುಡುಗರ ಪಂದ್ಯ ನಡೆಯಿತು. ನಾನೇ ಗೆದ್ದೆ. ಬಹುಮಾನ ಒಂದು ತಿಂಡಿ ಡಬ್ಬಿ, ಅದರ ಮುಚ್ಚಳ ಒಂದು ದಿನವೂ ಕೂತದ್ದಿಲ್ಲ. ಅದನ್ನು ಕೊಡುವುದಕ್ಕೆ ಮುಂಚೆ ಒಬ್ಬರು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಅಪ್ಪ ಮಾತ್ರ ಆ ಡಬ್ಬಿಯನ್ನು ಮಂಡಿಯಲ್ಲಿ ತಕ್ಕಡಿಯ ಪಕ್ಕ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು. ಬೇಳೆ ಕೊಳ್ಳಲು ಬಂದವರು ಡಬ್ಬಿ ನೋಡಿ ಹೊಗಳದೆ ಹೋಗುವಂತಿರಲಿಲ್ಲ. ಹಾಗೆ ಹೊಗಳಿದವರಲ್ಲೊಬ್ಬರು ಬಸವನಗುಡಿಯಲ್ಲಿ ದೊಡ್ಡವರ ಸಂಘವೊಂದಿದೆ, ಅಲ್ಲಿ ಭಾನುವಾರ ಭಾನುವಾರ ಪಂದ್ಯ ನಡೆಯುತ್ತದೆ ಎಂದರು. ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದರು.

ಅಯ್ಯೋ, ಆ ಸಂಘ! ಹೆಂಚಿನ ಹಜಾರ, ಗೋಡೆಗೆ ಜಿಂಕೆಯ ಕೊಂಬು, ನಶ್ಯದ ವಾಸನೆ. ಜರಿಪಂಚೆಯ ಮೇಲೆ ಕೋಟು ತೊಟ್ಟ ಮಹನೀಯರು ಮರದ ಮೇಜುಗಳ ಎರಡು ಬದಿಗೆ ಕೂತು, ಒಂದು ಕಾಲಾಳು ಸರಿಸುವುದಕ್ಕೆ ಒಂದು ಲೋಟ ಕಾಫಿ ಖಾಲಿ ಮಾಡುತ್ತಿದ್ದರು. ಅಷ್ಟು ಯೋಚಿಸಿ ತಪ್ಪು ನಡೆ ಇಡುವುದಕ್ಕೆ ನಿಜವಾಗಿಯೂ ವಿದ್ಯೆ ಬೇಕು. ಕನ್ನಡದಲ್ಲಿ ಬೈದು, ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿದ್ದರು. ಅವರಿಗೆ ತಮ್ಮ ಒಂದು ಪದ್ಧತಿಯ ಬಗ್ಗೆ ವಿಪರೀತ ಜಂಬ. ಸೋತವರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ 'ನಾನು ಸೋತೆ' ಎಂದು, ಗೆದ್ದವರ ಕೈ ಕುಲುಕಬೇಕು. ಇದು ದೊಡ್ಡ ಮನುಷ್ಯರ ಲಕ್ಷಣ ಎಂದು ಗೋಡೆಯ ಮೇಲೆ ಬರೆಸಿಯೂ ಇದ್ದರು.

ಮೂರ್ನಾಲ್ಕು ಭಾನುವಾರ ನಾನು ಒಬ್ಬೊಬ್ಬರನ್ನೇ ಸೋಲಿಸಿದೆ. ಅವರು ಎದ್ದು ನಿಂತು ಕೈ ಕೊಡುವ ಬದಲು ಕೆನ್ನೆ ಹಿಂಡಿ ಪೆಪ್ಪರ್‌ಮೆಂಟು ಕೊಟ್ಟರು. ಮಗುವಿಗೆ ಸೋತರೆ ಸೋಲಲ್ಲ ಎಂದು ಅವರವರಲ್ಲೇ ಗೊತ್ತುಮಾಡಿಕೊಂಡಿರಬೇಕು. ಕಡೆಗೆ ಉಳಿದವರು ಒಬ್ಬ ವಕೀಲರು. ಸಂಘದಲ್ಲಿ ಅವರೇ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು. ಹಾಗೆಂದು ಬಹಳ ಹೆಮ್ಮೆ ಪಡಬೇಕಾಗಿಲ್ಲ, ಮರವಿಲ್ಲದ ಊರಿಗೆ ಔಡಲ ಗಿಡವೇ ಮಹಾವೃಕ್ಷ. ನನ್ನ ಅವರ ಪಂದ್ಯ ಮುಂದಿನ ಭಾನುವಾರ ಎಂದು ಗೊತ್ತಾದ ಕೂಡಲೇ ಅವರು ಅಪ್ಪನ ಕಡೆ ತಿರುಗಿದರು.

"ಏನ್ರೀ ಯಜಮಾನ್ರೇ, ಬೇಳೆ ತೂಗೋದ್ ಬಿಟ್ಟು ಇಲ್ಲಿಗೆ ಬಂದ್ಬಿಟ್ಟಿದೀರಲ್ಲ? ಇದು ತಕ್ಕಡೀಲಿ ತೂಗೋ ಆಟ ಅಲ್ಲ ಕಣ್ರೀ. ತಲೆ ಬೇಕು."

ಸುತ್ತಲಿದ್ದವರು ನಕ್ಕರು. ಅಪ್ಪನೂ ನಕ್ಕರು. ಅಪ್ಪನ ಆ ನಗುವನ್ನು ನಾನು ತಡೆದುಕೊಳ್ಳಲಾರದೆ ಹೋದೆ. ತರಗುಪೇಟೆಯಲ್ಲಿ ಅಪ್ಪನೆದುರು ಅರ್ಧ ಮಾತು ಹೆಚ್ಚಾಡಿದವನು ಮರುದಿನ ಬಂದು ಕ್ಷಮೆ ಕೇಳುತ್ತಿದ್ದ. ಅಂಥವರು ಆ ಹಜಾರದಲ್ಲಿ ಚಪ್ಪಲಿ ಬಿಟ್ಟು, ಹಿಂದಿನ ಬೆಂಚಿನ ತುದಿಯಲ್ಲಿ ಕೂತು ಹಲ್ಲು ಕಿರಿಯುತ್ತಿದ್ದರು. ನನಗೆ ಬಹುಮಾನದ ಆಸೆ ಇರಲಿಲ್ಲ. ಆ ವಕೀಲರು ಎದ್ದು ನಿಲ್ಲಬೇಕು, 'ನಾನು ಸೋತೆ' ಎನ್ನಬೇಕು, ನನಗೆ ಕೈ ಕೊಡಬೇಕು, ಅದನ್ನು ಅಪ್ಪ ನೋಡಬೇಕು. ಆ ವಾರವಿಡೀ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಭಾನುವಾರ ಬಂತು. ಜಟಕಾದಲ್ಲಿ ಹೊರಟೆವು. ಹಿಂದಿನ ದಿನ ಮಾರುಕಟ್ಟೆಯಿಂದ ತಂದ ಅವರೆಕಾಯಿಯ ಸೊಗಡು ಇನ್ನೂ ನನ್ನ ಕೈಯಲ್ಲಿತ್ತು. ಹೊರಡುವಾಗ ಅಕ್ಕ ಅಂಗಿಯ ಗುಂಡಿ ಹಾಕುತ್ತ, "ಅವರ ಮುಖ ನೋಡ್ಬೇಡ, ಮಣೆ ನೋಡು," ಎಂದಿದ್ದಳು. ಅವಳನ್ನು ಹಜಾರದೊಳಗೆ ಬಿಡುತ್ತಿರಲಿಲ್ಲ. ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದೂ ದೊಡ್ಡ ಮನುಷ್ಯರ ಲಕ್ಷಣವೇ ಇರಬೇಕು.

ನನ್ನ ಗಲ್ಲ ಮೇಜಿಗೆ ತಾಗುತ್ತಿತ್ತು. ಯಾರೋ ಎರಡು ದಪ್ಪ ಕಾನೂನು ಪುಸ್ತಕ ತಂದು ಕುರ್ಚಿಯ ಮೇಲಿಟ್ಟು ನನ್ನನ್ನು ಕೂರಿಸಿದರು. ಆ ಪುಸ್ತಕಗಳಿಂದ ಅಲ್ಲಿ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲಿರಬಹುದು. ವಕೀಲರು ಚೆನ್ನಾಗಿಯೇ ಆಡಿದರು, ಸುಳ್ಳು ಹೇಳಬಾರದು. ನನ್ನ ಎರಡು ಕುದುರೆಗಳನ್ನೂ ಹೊಡೆದರು. ಪ್ರತಿ ಸಲ ಹೊಡೆದಾಗಲೂ ಹಿಂದಕ್ಕೆ ತಿರುಗಿ ತಮ್ಮ ಸ್ನೇಹಿತರ ಕಡೆ ನೋಡುತ್ತಿದ್ದರು, ಸ್ನೇಹಿತರು "ಭಲೇ" ಎನ್ನುತ್ತಿದ್ದರು. ಅವರು ಹಾಗೆ ತಿರುಗಿದಾಗಲೆಲ್ಲ ನಾನು ಮಣೆಯನ್ನೇ ನೋಡುತ್ತಿದ್ದೆ. ಬಿನ್ನಿಪೇಟೆಯ ಮಿಲ್ಲಿನ ಕೂಗು ದೂರದಲ್ಲಿ ಕೇಳಿಸಿದಾಗ ನನ್ನ ರಾಜನಿಗೆ ಉಸಿರಾಡಲೂ ಜಾಗವಿರಲಿಲ್ಲ. ಇನ್ನೊಂದೇ ನಡೆಯಲ್ಲಿ ವಕೀಲರ ಮಂತ್ರಿ ಬಂದು ಆಟ ಮುಗಿಸುವುದಿತ್ತು.

ಆದರೆ ಅವರ ರಾಜ ಎಲ್ಲಿದ್ದ ಕೇಳಿ. ಮಣೆಯ ಪಕ್ಕದ ಅಂಚಿನಲ್ಲಿ, ಕೊನೆಯ ಸಾಲಿನಿಂದ ಎರಡು ಮನೆ ಈಚೆಗೆ, ತನ್ನ ಆನೆ, ಒಂಟೆ, ಕಾಲಾಳುಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡಿದ್ದ. ಮದುವೆಮನೆಯಲ್ಲಿ ನೆಂಟರು ಮುತ್ತಿಕೊಂಡ ಮದುಮಗನಂತೆ ಅವನಿಗೆ ಅಲುಗಾಡಲು ಒಂದು ಮನೆಯೂ ಇರಲಿಲ್ಲ. ಕೊನೆಯ ಸಾಲಿನಲ್ಲಿ, ಕುದುರೆಯ ಮನೆಯಲ್ಲಿ, ವಕೀಲರ ಕುದುರೆಯೊಂದು ನಿಂತಿತ್ತು. ನನ್ನ ಒಂದು ಕಾಲಾಳು ಅದರ ಓರೆಗೆ ಬಂದು ನಿಂತಿತ್ತು. ನಾನು ಕಾಲಾಳಿನಿಂದ ಆ ಕುದುರೆಯನ್ನು ಹೊಡೆದು ಆ ಮನೆ ಹೊಕ್ಕೆ. ಬಡ್ತಿ ಸಿಗಬೇಕಿತ್ತು.

"ಕುದುರೆ ಕೊಡಿ," ಎಂದೆ.

ಹಜಾರ ಬಿದ್ದು ಬಿದ್ದು ನಕ್ಕಿತು. ವಕೀಲರು ಹೊಟ್ಟೆ ಹಿಡಿದುಕೊಂಡರು. ಸಂಘದ ಅಧ್ಯಕ್ಷರು, ಪೇಟ ಸುತ್ತಿದ ಮುದುಕರು, ತೀರ್ಪುಗಾರರಾಗಿ ಪಕ್ಕದಲ್ಲೇ ಕೂತಿದ್ದರು. ಅವರು ಬಹಳ ಕರುಣೆಯಿಂದ ನನ್ನ ಬೆನ್ನು ಸವರಿದರು. "ಮಗು, ಇದು ನಿಮ್ಮ ಅಂಗಡಿ ಆಟ ಅಲ್ಲಪ್ಪ. ಯಾವ ಮನೆಗೆ ಹೋದ್ರೂ ಇಲ್ಲಿ ಮಂತ್ರೀನೇ ತಗೋಬಹುದು," ಎಂದರು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಪ್ಪ ಎದ್ದರು. ಎದ್ದು ಕೈ ಮುಗಿದರು.

"ತಪ್ಪಾಯ್ತು ಸ್ವಾಮಿ, ಏನೂ ತಿಳ್ಕೋಬೇಡಿ. ಮಂಡೀಲಿ ಆಡಿ ಆಡಿ ಅದೇ ಅಭ್ಯಾಸ ಆಗೋಗಿದೆ. ಚಿಕ್ಕ ಹುಡುಗ. ಅವನಿಗೆ ಮಂತ್ರೀನೇ ಕೊಟ್ಬಿಡಿ."

ಇಷ್ಟು ವರ್ಷವಾದರೂ ಆ ಕೈ ಮುಗಿದದ್ದು ನನ್ನ ಕಣ್ಣಿನಿಂದ ಹೋಗಿಲ್ಲ. ವಕೀಲರ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ಅಪ್ಪನಿಗೆ ಅಂಗಡಿಯ ನಿಯಮ ಚೆನ್ನಾಗಿ ಗೊತ್ತಿತ್ತು, ಹಾಗಾಗಿಯೇ ನಾನು ಅದನ್ನೇ ಹಿಡಿದುಕೊಂಡಿದ್ದೇನೆಂದು ಅವರೂ ಎಲ್ಲರಂತೆ ತಿಳಿದರು. ಅಧ್ಯಕ್ಷರು ಮಂತ್ರಿಯನ್ನು ತಾವೇ ತೆಗೆದು ಆ ಮನೆಯಲ್ಲಿ ಇಟ್ಟುಬಿಟ್ಟರು. ಅದು ಅಲ್ಲೇ ಉಳಿದಿದ್ದರೆ ನನ್ನ ಆಟ ಮುಗಿದಿತ್ತು. ಮಂತ್ರಿ ಎಷ್ಟೇ ದೊಡ್ಡವನಾದರೂ ನೆಂಟರ ಗುಂಪನ್ನು ಹಾರಿ ಹೋಗಲಾರ. ಹಾರುವುದು ಕುದುರೆ ಮಾತ್ರ. ನಾನು ಆ ಮಂತ್ರಿಯನ್ನು ಎತ್ತಿ ಮೇಜಿನ ಮೇಲಿಟ್ಟೆ.

"ಮಂತ್ರಿ ಬೇಡ. ಕುದುರೆ ಕೊಡಿ."

ವಕೀಲರು ಕಣ್ಣೀರು ಒರೆಸಿಕೊಳ್ಳುತ್ತ, "ಕೊಡಿ ಸ್ವಾಮಿ, ಕೇಳಿದ್ದು ಕೊಟ್ಬಿಡಿ! ಕುದುರೆ ಬೇಕಂತೆ ಪಾಪ. ಜೊತೆಗೊಂದಿಷ್ಟು ಹುರುಳೀನೂ ಕೊಡಿ, ಹೆಂಗೂ ಅಪ್ಪನ ಅಂಗಡೀಲಿದೆ," ಎಂದರು. ಮತ್ತೆ ನಗು. ಅಧ್ಯಕ್ಷರು ಕುದುರೆಯನ್ನು ಇಟ್ಟರು. ವಕೀಲರು ನಗುನಗುತ್ತಲೇ ತಮ್ಮ ಮಂತ್ರಿಯ ಮೇಲೆ ಕೈಯಿಡಲು ಹೋದರು. ಕೈ ಗಾಳಿಯಲ್ಲೇ ನಿಂತಿತು. ನನ್ನ ಕುದುರೆ ಅವರ ರಾಜನಿಗೆ ಷಹ ಕೊಟ್ಟಿತ್ತು, ಮೊದಲು ರಾಜನನ್ನು ಉಳಿಸಿಕೊಳ್ಳದೆ ಅವರು ಬೇರೆ ನಡೆ ಇಡುವಂತಿರಲಿಲ್ಲ. ಅದನ್ನು ಹೊಡೆಯಲು ಅವರ ಯಾವ ಕಾಯಿಗೂ ಆಗುತ್ತಿರಲಿಲ್ಲ, ರಾಜನಿಗೆ ಓಡಿಹೋಗಲು ಮನೆಯಿರಲಿಲ್ಲ. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕನ್ನಡಕ ಒರೆಸಿದರೆ ಹೊಸ ಮನೆ ಹುಟ್ಟುತ್ತದೆಯೇ? ಹಜಾರದಲ್ಲಿ ಒಬ್ಬೊಬ್ಬರ ನಗುವೂ ನಿಂತಿತು.

ನಾನು ಕಾನೂನು ಪುಸ್ತಕಗಳ ಮೇಲಿಂದ ಇಳಿದು ನೆಟ್ಟಗೆ ನಿಂತೆ. ಬಲಗೈಯನ್ನು ಚಡ್ಡಿಗೆ ಒರೆಸಿಕೊಂಡು ಚಾಚಿದೆ.

ವಕೀಲರು ಎದ್ದರು. ಗಡಿಯಾರ ನೋಡಿಕೊಂಡರು. "ಇದು ಆಟಾನಾ? ಅಂಗಡಿ ರೂಲ್ಸು ತಲೇಲಿಟ್ಕೊಂಡು ತಪ್ಪಾಗಿ ಕೇಳ್ದ, ಅದೃಷ್ಟಕ್ಕೆ ಸರಿಹೋಯ್ತು," ಎಂದು ಅಧ್ಯಕ್ಷರಿಗೆ ಹೇಳಿ, ಕೋಟು ಕೊಡವಿಕೊಂಡು ಹೊರಟೇಹೋದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವರಿಗೆ ಮೀಸೆಯೂ ಇರಲಿಲ್ಲ. "ಗೊತ್ತಿದ್ದೇ ಕೇಳ್ದೆ," ಎಂದು ನಾನು ಕೂಗಿದೆ. ಅಧ್ಯಕ್ಷರು ನನ್ನ ಕೆನ್ನೆ ಹಿಂಡಿದರು. ಈ ಬಾಲಕನಿಗೆ ಇಂದು ಅದೃಷ್ಟದೇವತೆ ಒಲಿದಿದ್ದಾಳೆ ಎಂದು ಭಾಷಣ ಮಾಡಿ ಒಂದು ಬೆಳ್ಳಿ ಲೋಟ ಕೊಟ್ಟರು. ಬೆಳ್ಳಿಯೆಂದದ್ದು ಅವರು. ಯುಗಾದಿಯ ಹೊತ್ತಿಗೆ ಅದರ ಬಣ್ಣ ಹೋಗಿ ಹಿತ್ತಾಳೆ ಹಲ್ಲು ಬಿಟ್ಟಿತ್ತು.

ಜಟಕಾದಲ್ಲಿ ಅಪ್ಪ ಲೋಟವನ್ನು ಟವೆಲ್ಲಿನಿಂದ ಒರೆಸುತ್ತ, "ಹೋಗ್ಲಿ ಬಿಡು ಮರಿ. ತಪ್ಪು ಮಾಡಿದ್ರೂ ಗೆದ್ಯಲ್ಲ," ಎಂದರು. ಅವರು ಸಮಾಧಾನ ಹೇಳುತ್ತಿದ್ದರು. ನಾನು ಕುದುರೆಯ ಬಾಲವನ್ನೇ ನೋಡುತ್ತ ಕೂತೆ.

ಮನೆಯಲ್ಲಿ ಅಕ್ಕ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುಖ ನೋಡಿ ಏನಾಯಿತೆಂದು ಕೇಳಿದಳು. ನಾನು ಬಿಕ್ಕುತ್ತ ಹೇಳಿದೆ. ಅವಳು ಸಮಾಧಾನ ಹೇಳಲಿಲ್ಲ. ಮೊರವನ್ನು ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಮನೆಗಳನ್ನು ಬರೆದು, "ಇಡು," ಎಂದಳು. ನಾನು ಕಾಯಿಗಳನ್ನು ಇದ್ದ ಹಾಗೆ ಇಟ್ಟೆ. ಕಾಲಾಳು ಸಾಲದ್ದಕ್ಕೆ ಅವರೆಕಾಳು ಇಟ್ಟೆವು. ಅವಳು ಒಂದು ಕ್ಷಣ ನೋಡಿದಳು, ಅಷ್ಟೇ.

"ಅಪ್ಪಾ, ಇಲ್ಲಿ ಬನ್ನಿ. ವಕೀಲರ ಜಾಗದಲ್ಲಿ ಕೂತ್ಕೊಳಿ," ಎಂದಳು.

ಅಪ್ಪ ಲೋಟ ಹಿಡಿದುಕೊಂಡೇ ಬಂದು ಕೂತರು. ಅಕ್ಕ ಮೊದಲು ಆ ಮನೆಯಲ್ಲಿ ಮಂತ್ರಿಯನ್ನು ಇಟ್ಟಳು. "ನೀವು ಕೇಳಿದ್ದು ಇದನ್ನ. ಈಗ ಆಡಿ." ಅಪ್ಪ ಸ್ವಲ್ಪ ಹೊತ್ತು ನೋಡಿ ವಕೀಲರ ಮಂತ್ರಿಯನ್ನು ಸರಿಸಿದರು. ನನ್ನ ರಾಜ ಸತ್ತ. ಅಕ್ಕ ಎಲ್ಲವನ್ನೂ ಹಿಂದಕ್ಕಿಟ್ಟು, ಮಂತ್ರಿಯನ್ನು ತೆಗೆದು ಕುದುರೆ ಇಟ್ಟಳು. "ಅವನು ಕೇಳಿದ್ದು ಇದನ್ನ. ಈಗ ಆಡಿ."

ಅಪ್ಪ ರಾಜನನ್ನು ಮುಟ್ಟಿದರು, ಬಿಟ್ಟರು. ಆನೆಯನ್ನು ಮುಟ್ಟಿದರು, ಬಿಟ್ಟರು. ಒಳಗೆ ಒಲೆಯ ಮೇಲೆ ಸಾರು ಕುದಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. "ಅಯ್ಯೋ ಶಿವನೇ," ಎಂದರು, ಬಹಳ ಮೆಲ್ಲಗೆ.

"ಸೋತೋರು ಎದ್ದು ನಿಂತು ಕೈ ಕೊಡ್ಬೇಕಂತೆ ಅಲ್ಲಿ," ಎಂದಳು ಅಕ್ಕ. "ಏಳಿ ಅಪ್ಪಾ."

ನಮ್ಮ ಮನೆಗಳಲ್ಲಿ ತಂದೆ ಮಕ್ಕಳು ಕೈ ಕುಲುಕುವ ಪದ್ಧತಿ ಎಲ್ಲಿತ್ತು? ಆದರೂ ಅಪ್ಪ ಎದ್ದರು. "ನಾನು ಸೋತೆ ಕಣಪ್ಪ," ಎಂದರು. ಕೈ ಚಾಚುವಾಗ ಅಭ್ಯಾಸಬಲದಿಂದ ಹೆಗಲ ಮೇಲಿನ ಟವೆಲ್ಲನ್ನು ಎಳೆದು ಕೈಯ ಮೇಲೆ ಹೊದಿಸಲು ಹೋದರು.

"ಟವೆಲ್ ಬೇಡ ಅಪ್ಪಾ," ಎಂದಳು ಅಕ್ಕ.

ಅಪ್ಪ ಟವೆಲ್ಲನ್ನು ಕೆಳಗೆ ಬಿಟ್ಟರು. ಬರಿಗೈಯಲ್ಲಿ ನನ್ನ ಕೈ ಹಿಡಿದರು. ಗೋಣಿಚೀಲ ಎಳೆದೆಳೆದು ಒರಟಾದ ಕೈ, ತೊಗರಿಯ ಧೂಳಿನ ವಾಸನೆ. ಅವರಿಗೆ ಕುಲುಕಲು ಬರಲಿಲ್ಲ, ಸುಮ್ಮನೆ ಹಿಡಿದುಕೊಂಡು ನಿಂತರು. ಆ ಹಜಾರದ ಅಷ್ಟೂ ಜನ ಸಾಲಾಗಿ ಬಂದು ಕೈ ಕೊಟ್ಟಿದ್ದರೂ ನನಗೆ ಅಷ್ಟು ಸಂತೋಷ ಆಗುತ್ತಿರಲಿಲ್ಲ.

ಮರುದಿನದಿಂದ ಅಪ್ಪ ತರಗುಪೇಟೆಯಲ್ಲೆಲ್ಲ 'ನನಗೆ ಮೊದಲೇ ಗೊತ್ತಿತ್ತು' ಎಂದು ಹೇಳಿಕೊಂಡು ತಿರುಗಿದರು ಬಿಡಿ, ಅದು ಬೇರೆ ವಿಷಯ. ವಕೀಲರು ಮಗುವಿಗೆ ಪ್ರೋತ್ಸಾಹ ಕೊಡಲೆಂದು ತಾವೇ ಸೋತದ್ದಾಗಿ ಹೇಳುತ್ತಿದ್ದರಂತೆ. ಅಕ್ಕ ನನ್ನನ್ನು ಹೊಗಳಲಿಲ್ಲ. ಆ ಕುದುರೆಯನ್ನು ನಾಲ್ಕು ನಡೆ ಮುಂಚೆಯೇ ಕಾಣಬೇಕಿತ್ತು ಎಂದು ಬೈದಳು.

ಈಗ ಮಲ್ಲೇಶ್ವರದಲ್ಲಿ ನಿಮ್ಮ ಆಟವನ್ನೂ ನೋಡುತ್ತಿದ್ದೇನೆ ಮಕ್ಕಳೇ. ನಿಮಗೆ ಕೋಚ್ ಇದ್ದಾರೆ, ತಣ್ಣನೆಯ ಹಾಲ್ ಇದೆ, ಗಲ್ಲ ಮೇಜಿಗೆ ತಾಗದ ಕುರ್ಚಿ ಇದೆ. ಗೆದ್ದರೂ ಸೋತರೂ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಕಪ್ಪು ಕೊಡುತ್ತಾರೆ, ನಮ್ಮ ಹಿತ್ತಾಳೆ ಲೋಟದಲ್ಲಿ ನೀರಾದರೂ ಕುಡಿಯಬಹುದಿತ್ತು. ಕುದುರೆ ಸರಿಯೋ ಮಂತ್ರಿ ಸರಿಯೋ ಎಂದು ನಿಮ್ಮ ಫೋನು ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತದೆ. ಯಾರೂ ನಗುವುದಿಲ್ಲ, ಅದು ಒಳ್ಳೆಯದೇ. ಆದರೆ ಹೋದ ತಿಂಗಳು ನಮ್ಮ ಪುಟ್ಟಿ ಗೆದ್ದಾಗ ಅವಳ ಅಪ್ಪ, ನನ್ನ ಘನವಂತ ಮಗ, ಚಪ್ಪಾಳೆ ತಟ್ಟುವುದಕ್ಕೆ ಮುಂಚೆ ಫೋನು ನೋಡಿದ. ಮಗಳು ಚೆನ್ನಾಗಿ ಆಡಿದಳೋ ಇಲ್ಲವೋ ಎಂದು ಅದನ್ನು ಕೇಳಿ ತಿಳಿದುಕೊಂಡ. ನನ್ನ ಅಪ್ಪನಿಗೂ ಗೊತ್ತಾಗಿರಲಿಲ್ಲ, ನಿಜ. ಆದರೆ ಅವರು ನೆಲದ ಮೇಲೆ ಕೂತು, ತಾವೇ ಕಾಯಿ ಮುಟ್ಟಿ ನೋಡಿ, ತಿಳಿದ ಮೇಲೆ ಎದ್ದು ನಿಂತಿದ್ದರು.

ನಿನ್ನೆ ಸಂಜೆ ಪುಟ್ಟಿ ನನ್ನನ್ನೂ ಸೋಲಿಸಿದಳು. ಸೋಲಿಸಿದ ಕೂಡಲೇ ಫೋನು ಕೈಗೆತ್ತಿಕೊಂಡಳು. ನಾನು ಮೇಜು ಹಿಡಿದು, ಮಂಡಿ ನೋವು ನುಂಗಿಕೊಂಡು, ಮೆಲ್ಲಗೆ ಎದ್ದು ನಿಂತು ಕೈ ಚಾಚಿದೆ. ಅವಳು ಗಾಬರಿಯಿಂದ ನೋಡಿದಳು.

"ಯಾಕ್ ತಾತಾ, ಬಾತ್‌ರೂಮಿಗಾ?"

"ಅಲ್ಲ ಕಣೇ," ಎಂದೆ. "ನಾನು ಸೋತೆ."

ಅವಳು ಫೋನನ್ನು ಕೆಳಗಿಟ್ಟಳು. ಎದ್ದು ನಿಂತು ನನ್ನ ಕೈ ಹಿಡಿದಳು. ಅವಳಿಗೂ ಕುಲುಕಲು ಬರಲಿಲ್ಲ.